ಎಲ್ಲದಕ್ಕೂ ಕಾರ್ಬುರೇಟರೇ ಕಾರಣ

ಮರಳೂರಿನಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಷ್ಟು ಕಾಲ ಇಂಥ ಪ್ರಸಂಗಗಳು ನಿಲ್ಲಲೇ ಇಲ್ಲ. ಗಾಡಿ ಕೆಮ್ಮಿದರೂ ಕಾರ್ಬುರೇಟರ್, ಹೊಗೆ ಬಿಟ್ಟರೂ ಕಾರ್ಬುರೇಟರ್. ಒಳಗೆ ಗಾಳಿ, ಪೆಟ್ರೋಲು ಹದವಾಗಿ ಬೆರೆತರೆ ಸಾಕು. ಬೆರೆಯೋಕೆ ಜನ ಬಿಡಬೇಕಲ್ಲ!

ಬ್ಯಾಗು

ನಮ್ಮ ಬೀದಿಯ ಅಕ್ಕ ಒಬ್ಬರ ಸ್ಕೂಟರ್ ಕಪ್ಪು ಹೊಗೆ ಕಾರುತ್ತಿತ್ತು. ಪ್ಲಗ್ ಬಿಚ್ಚಿದರೆ ಕಾಡಿಗೆ. ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಂತ ಕಾರ್ಬುರೇಟರ್ ತೊಳೆದು, ಸ್ಕ್ರೂ ತಿರುಗಿಸಿ ಕಳಿಸಿದೆ. ಮಾರನೇ ದಿನ ಅದೇ ಹೊಗೆ. ಮತ್ತೆ ತೊಳೆದೆ. ಮತ್ತೆ ಬಂದರು. ಸಾಕಾಗಿ, "ನೀವೇ ಒಂದ್ಸಲ ಓಡಿಸಿ ತೋರ್ಸಿ ಅಕ್ಕ" ಅಂದೆ.

ಅವರು ಸೀಟಿನ ಕೆಳಗಿನ ಗುಬುಟಿಗೆ ವ್ಯಾನಿಟಿ ಬ್ಯಾಗ್ ನೇತುಹಾಕಿ ಕೂತರು. ಅದು ಎಳೆದರೆ ಪೆಟ್ರೋಲ್ ಜಾಸ್ತಿ ಬಿಡೋ ಚೋಕ್! ಬ್ಯಾಗಿನ ಭಾರಕ್ಕೆ ಪೂರ್ತಿ ಈಚೆ ಬಂದಿತ್ತು.

"ಅಕ್ಕ, ಇದನ್ನ ಚಳೀಲಿ ಸ್ಟಾರ್ಟ್ ಮಾಡೋವಾಗ ಮಾತ್ರ ಎಳೆಯೋದು."

"ಹೌದಾ? ಬ್ಯಾಗ್ ಹಾಕೋಕೇ ಕೊಟ್ಟವ್ರೆ ಅಂತ ಅಂಗಡಿಯೋನನ್ನ ಹೊಗಳಿದ್ದೆ ಕಣಪ್ಪ!"

ಮುಚ್ಚಳ

ಚೇಳೂರಿನ ರೈತರೊಬ್ಬರು ಸಣ್ಣ ಪೆಟ್ರೋಲ್ ಪಂಪ್‌ಸೆಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದರು.

"ಚೂರು ಹೊತ್ತು ಓಡಿ ನಿಂತೋಯ್ತದೆ ಕಣಣ್ಣ. ಪೆಟ್ರೋಲ್ ಐತಾ ಅಂತ ಮುಚ್ಚಳ ತೆಗೆದ್ರೆ ಮತ್ತೆ ಓಡ್ತದೆ."

ಮುಚ್ಚಳ ತಿರುಗಿಸಿ ನೋಡಿದೆ. ಗಾಳಿ ಹೋಗೋ ಸಣ್ಣ ತೂತಿಗೆ ಗಟ್ಟಿಯಾಗಿ ಅಂಟು ಮೆತ್ತಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗಿಳಿಯೋದು ಹೇಗೆ?

"ಯಾರಿದನ್ನ ಮುಚ್ಚಿದ್ದು?"

"ನಾನೇ. ತೂತಾಗಿತ್ತು, ರಿಪೇರಿ ಮಾಡ್ದೆ."

ನಾನು ಪಿನ್ನು ತಗೊಂಡು ತೂತು ಬಿಡಿಸಿದೆ. ಅವರು ತಲೆ ಮೇಲೆ ಕೈ ಹೊತ್ತರು.

"ಅಲ್ಲ ಕಣಣ್ಣ, ರಿಪೇರಿಗೆ ಅಂತ ತಂದ್ರೆ ನೀನೂ ತೂತೇ ಮಾಡ್ತೀಯಲ್ಲ!"

ಹೆಣ್ಣು ನೋಡೋಕೆ ಹೋದ ಸ್ಕೂಟರ್

ಕುಣಿಗಲ್ಲಿನ ಹುಡುಗನೊಬ್ಬ ಸ್ಕೂಟರ್ ತಂದ. ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಸಾಯುತ್ತಿತ್ತು. ಸತ್ತರೆ ತಳ್ಳದೆ ಏಳುತ್ತಿರಲಿಲ್ಲ. ಕಾರ್ಬುರೇಟರ್ ಪಕ್ಕದ ಸಂದು ಮುಚ್ಚೋ ಗ್ಯಾಸ್ಕೆಟ್ ಹರಿದು ಗಾಳಿ ಜಾಸ್ತಿ ನುಗ್ಗುತ್ತಿತ್ತು.

"ಇದ್ರಲ್ಲಿ ಎಲ್ಲಿಗಪ್ಪ ಹೋಗಿದ್ದೆ?"

"ಗುಬ್ಬಿಗೆ, ಹೆಣ್ಣು ನೋಡೋಕೆ."

ಮುಂಚೆ ನೋಡಿದ ಸಂಬಂಧಗಳೆಲ್ಲ ಮುರಿದಿದ್ದವಂತೆ. ಈ ಸಲ ಜೊತೆಗೆ ಸೋದರಮಾವ ಹೋಗಿದ್ದರಂತೆ. ಹೆಣ್ಣಿನ ಮನೆ ಮುಂದೆ ಮಾವ ಇಳಿದು, "ಬಾರ್ಲಾ ಒಳಕ್ಕೆ" ಅಂದರಂತೆ.

"ಆಫ್ ಆದ್ರೆ ನೀನು ತಳ್ತೀಯಾ ಮಾವ?"

ಮಾವ ಒಬ್ಬರೇ ಒಳಗೆ ಹೋದರು. ಹುಡುಗ ಬೀದಿಯಲ್ಲೇ ಭರ್‍ರ್ ಅನ್ನಿಸುತ್ತಾ ಕೂತ. ಕೊನೆಗೆ ಹುಡುಗಿಯೇ ಕಾಫಿ ಹಿಡಿದು ಗೇಟಿಗೆ ಬಂದಳು. ಇವನ ಎಡಗೈಯಲ್ಲಿ ಲೋಟ, ಬಲಗೈಯಲ್ಲಿ ಆಕ್ಸಿಲರೇಟರ್. ಅವಳು ಏನೋ ಕೇಳಿದಳು. ಸದ್ದಿಗೆ ಏನೂ ಕೇಳಿಸದೆ ಇವನು ಹೂಂ ಅಂತ ತಲೆಯಾಡಿಸಿದ. ಅಡುಗೆ ಮಾಡೋಕೆ ಬರುತ್ತಾ ಅಂತ ಕೇಳಿದ್ದಂತೆ.

ನನಗೆ ಪಾಪ ಅನ್ನಿಸಿತು. "ಹೋಗ್ಲಿ ಬಿಡಪ್ಪ, ಬೇರೆ ಸಂಬಂಧ ಸಿಗುತ್ತೆ."

"ಇಲ್ಲ ಸಾರ್, ಒಪ್ಪಿದ್ರು!"

"ಅದು ಹೆಂಗೆ?"

"ಹುಡುಗಿ ತಾತ ಕಿಟಕೀಲಿ ಅಷ್ಟೂ ಹೊತ್ತು ನನ್ನ ಕೈಯನ್ನೇ ನೋಡ್ತಿದ್ರಂತೆ. 'ಹಿಡಿದದ್ದನ್ನ ಬಿಡೋ ಹುಡುಗ ಅಲ್ಲ ಇವನು, ಹೆಣ್ಣು ಕೊಟ್ಬುಡಿ' ಅಂದ್ರಂತೆ."