ಸೋಮವಾರದ ಕೆನ್ನೆ

ಭಗವಂತ ಸರಕು ಕಳಿಸುವುದರಲ್ಲಿ ಧಾರಾಳಿ, ಇಳಿಸುವುದರಲ್ಲಿ ಮಾತ್ರ ಏನೇನೂ ಸಾಲದು. ನನ್ನ ಮುಖ ನೋಡಿದವರು ಈ ಮಾತನ್ನು ಒಪ್ಪುತ್ತಾರೆ. ತಲೆಯ ವಿಳಾಸಕ್ಕೆ ಬಂದಿದ್ದ ಕೂದಲನ್ನೆಲ್ಲ ಅವನು ಕೆನ್ನೆಯ ಬಾಗಿಲಿಗೆ ಇಳಿಸಿ ಹೊರಟುಹೋಗಿದ್ದಾನೆ. ನಾನು ತರೀಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಸ್ಟೀಲ್ ಪಾತ್ರೆ ಅಂಗಡಿ ಇಟ್ಟುಕೊಂಡಿರುವವನು. ಸರಕು ತಪ್ಪಿ ಬಂದರೆ ಅದೇ ಲಾರಿಯಲ್ಲಿ ವಾಪಸ್ಸು ಕಳಿಸಿ ಅಭ್ಯಾಸ. ಇದನ್ನು ಯಾವ ಲಾರಿಗೆ ಹಾಕಲಿ? ನನ್ನ ಗಡ್ಡದ ಕೂದಲು ಕೂದಲಲ್ಲ, ತಂತಿ. ರಾತ್ರಿ ಒರಗುವ ದಿಂಬಿನ ಕವರು ಒಂದೇ ಜಾಗದಲ್ಲಿ ಸವೆಯುತ್ತದೆ, ಮುಖ ಒರೆಸಿದ ಟವೆಲ್ಲಿನ ಎಳೆ ಗಡ್ಡಕ್ಕೆ ಸಿಕ್ಕಿಕೊಂಡು ನನ್ನ ಜೊತೆಗೇ ಬರುತ್ತದೆ. ನನ್ನ ಹೆಂಡತಿ ಗಿರಿಜ ಒಂದು ದಿನ ಅಂಗಡಿಗೇ ಫೋನ್ ಮಾಡಿ, "ಪಾತ್ರೆ ಉಜ್ಜೋ ನಾರು ಖಾಲಿ ಆದ್ರೆ ಹೇಳಿ, ನಿಮ್ ಮುಖದ್ ಮೇಲೇ ಸ್ಟಾಕ್ ಇದೆ" ಎಂದಳು. ಗಿರಾಕಿಗಳ ಎದುರಿಗೆ ನಾನು "ಆಯ್ತು, ಆಯ್ತು" ಎಂದು ವ್ಯಾಪಾರದ ದನಿಯಲ್ಲಿ ಉತ್ತರ ಕೊಟ್ಟೆ.

ಮೃದು ಗಡ್ಡದವರಿಗೆ ಈ ಕಷ್ಟ ಅರ್ಥವಾಗುವುದಿಲ್ಲ ಬಿಡಿ. ನಮ್ಮ ಪಕ್ಕದ ಬಟ್ಟೆ ಅಂಗಡಿಯವನು ಫೋನಿನಲ್ಲಿ ಮಾತಾಡುತ್ತಲೇ, ಕನ್ನಡಿಯೂ ಇಲ್ಲದೆ, ಹಾಲಿನ ಕೆನೆ ತೆಗೆದಂತೆ ಗಡ್ಡ ತೆಗೆದುಕೊಂಡುಬಿಡುತ್ತಾನೆ. ಅವನನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಾನು ಸಾಲಾಗಿ ಬ್ಲೇಡುಗಳನ್ನು ಜೋಡಿಸಿದ ಆ ಪ್ಲಾಸ್ಟಿಕ್ ಹಿಡಿಯ ರೇಜರನ್ನು ತಂದರೆ, ಮೊದಲನೆಯ ಬ್ಲೇಡು ಕೂದಲನ್ನು ಹಿಡಿದೆಳೆಯುವುದು, ಎರಡನೆಯದು ಅದನ್ನು ಅಲ್ಲೇ ಬಿಟ್ಟು ಚರ್ಮ ಕೀಳುವುದು, ಉಳಿದವು ನಡುವೆ ಸಿಕ್ಕಿಕೊಂಡ ಕೂದಲಿನಲ್ಲಿ ಉಸಿರುಕಟ್ಟಿ ಕೂರುವುದು. ಬ್ಯಾಟರಿ ಮಿಷನ್ ಒಂದು ತಂದೆ. ಅದು ಬಲಗೆನ್ನೆಯನ್ನು ಮುಗಿಸಿ ಎಡಗೆನ್ನೆಯ ಮಧ್ಯದಲ್ಲಿ ಕುಂಯ್ ಎಂದು ನಿಂತಿತು. ಆವತ್ತು ಕರೆಂಟಿರಲಿಲ್ಲ. ಅಂಗಡಿಯಲ್ಲಿ ಇಡೀ ಬೆಳಿಗ್ಗೆ ನಾನು ಬಲಗಡೆಯಿಂದ ಮಾತ್ರ ವ್ಯಾಪಾರ ಮಾಡಿದೆ. ಯಾವುದರಲ್ಲಿ ಕೆರೆದುಕೊಂಡರೂ ಮುಖದ ಮೇಲೆ ರಕ್ತ ನಿಲ್ಲಲೆಂದು ಹಚ್ಚಿದ ಪೇಪರಿನ ಚೂರುಗಳು ಅಂಟಿರುತ್ತಿದ್ದವು, ಕುತ್ತಿಗೆಯಲ್ಲಿ ಕೆಂಪು ಗುಳ್ಳೆಗಳು ಎದ್ದಿರುತ್ತಿದ್ದವು, ಸಂಜೆಗೆ ಗಡ್ಡವಂತೂ ಏನೂ ಆಗಿಲ್ಲ ಎನ್ನುವಂತೆ ಹಾಜರಾಗುತ್ತಿತ್ತು.

ಇಷ್ಟು ಗೋಳಾದರೆ ಗಡ್ಡ ಬಿಟ್ಟುಬಿಡಬಾರದೆ ಎಂದು ನೀವು ಕೇಳಬಹುದು. ಬಿಡಬಹುದಿತ್ತು, ನಮ್ಮ ಗೌರತ್ತೆ ಇಲ್ಲದಿದ್ದರೆ.

ಗೌರತ್ತೆ ನನ್ನ ಸೋದರತ್ತೆ, ಸಿಂಗಟಗೆರೆಯವರು. ನನ್ನ ತಾಯಿ ನನಗೆ ಬುದ್ಧಿ ತಿಳಿಯುವ ಮೊದಲೇ ತೀರಿಕೊಂಡಾಗ ನನ್ನನ್ನು ಸೊಂಟಕ್ಕೇರಿಸಿಕೊಂಡು ಹೋಗಿ ತಮ್ಮ ಮಕ್ಕಳ ಜೊತೆ ಸಾಕಿದವರು. ಈಗ ಮಗ, ಸೊಸೆ, ಮೊಮ್ಮಕ್ಕಳು, ದನ, ತೆಂಗಿನಕಾಯಿ ರಾಶಿ ತುಂಬಿದ ಆ ಮನೆಯಲ್ಲಿ ಇವತ್ತಿಗೂ ಅವರದೇ ಮಾತು ನಡೆಯುತ್ತದೆ. ಮನೆಗೆ ಯಾರು ಬಂದರೂ ಅತ್ತೆ ಅವರಿಗೆ ನೆಟಿಗೆ ಮುರಿಯುತ್ತಾರೆ. ಎರಡೂ ಕೈಯಿಂದ ನಮ್ಮ ಕೆನ್ನೆ ಸವರಿ, ಆ ಬೆರಳುಗಳನ್ನು ಮಡಿಸಿ ತಮ್ಮ ಕಣತಲೆಗೆ ಒತ್ತಿಕೊಂಡರೆ ಗೆಣ್ಣುಗಳು ಲಟಲಟ ಎನ್ನಬೇಕು. ಎಷ್ಟು ಲಟಲಟ ಎಂದರೆ ಅಷ್ಟು ಜನರ ಕಣ್ಣು ನಮ್ಮ ಮೇಲೆ ಬಿದ್ದಿದೆ, ಆ ದೃಷ್ಟಿಯೆಲ್ಲ ಈಗ ಕಳೆಯಿತು ಎಂದು ಲೆಕ್ಕ. ಅತ್ತೆಯ ಮಗ ಬೆಳ್ಳಗೆ ಲಕ್ಷಣವಾಗಿದ್ದವನು. ಅವನಿಗೆ ಮುರಿದರೆ ದೀಪಾವಳಿ ಪಟಾಕಿ ಹೊಡೆದಂತಾಗುತ್ತಿತ್ತು. ನನ್ನ ಪಾಲಿಗೆ ಒಂದೋ ಎರಡೋ ಲಟ್ ಎಂದರೆ ಹೆಚ್ಚು. ಆದರೂ ಆ ಕೈ ಕೆನ್ನೆಯ ಮೇಲೆ ಇಳಿಯುವ ಗಳಿಗೆಗಾಗಿ ನಾನು ಜೀವ ಬಿಡುತ್ತಿದ್ದೆ. ಎಲ್ಲರೂ ಅಂಗೈಯಿಂದ ಸವರಿದರೆ ಗೌರತ್ತೆ ಬೆರಳ ಹಿಂಬದಿಯಿಂದ ಸವರುತ್ತಿದ್ದರು. ಯಾಕತ್ತೆ ಹೀಗೆ ಎಂದು ಕೇಳಿದ್ದಕ್ಕೆ, "ಕಳೆ ಕಿತ್ತೂ ಕಿತ್ತೂ ಅಂಗೈಯೆಲ್ಲ ಒರಟು ಕಣೋ ಪುಟ್ಟ. ನೀನು ಕೂಸು ಇದ್ದೆ. ನಿನ್ ಕೆನ್ನೆಗೆ ತರಚ್ತದೆ ಅಂತ ಹಿಂಗ್ ಮಾಡ್ದೆ, ಅದೇ ಅಭ್ಯಾಸ ಆಗೋಯ್ತು" ಎಂದಿದ್ದರು.

ಈಗ ಅತ್ತೆಗೆ ವಯಸ್ಸಾಗಿದೆ. ಕೈಯ ಹಿಂಬದಿಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಸಾಲದ್ದಕ್ಕೆ ರಕ್ತ ತೆಳ್ಳಗೆ ಮಾಡುವ ಮಾತ್ರೆ ಬೇರೆ ನುಂಗುತ್ತಾರೆ, ಸ್ವಲ್ಪ ತರಚಿದರೂ ರಕ್ತ ನಿಲ್ಲುವುದಿಲ್ಲ. ಕಳೆದ ಬೇಸಿಗೆಯಲ್ಲಿ ಹೋದಾಗ ಎಂದಿನಂತೆ ನನ್ನ ಕೆನ್ನೆ ಸವರಿದರು, ಕೈ ತೆಗೆದು ನೋಡಿದರೆ ಬೆರಳ ಮೇಲೆಲ್ಲ ಕೆಂಪು ಗೀರು, ಒಂದು ಕಡೆ ರಕ್ತ ಜಿನುಗುತ್ತಿದೆ. ಸೊಸೆ ಶಾಂತ ಓಡಿಬಂದು ಅರಿಶಿನ ಒತ್ತಿದಳು. "ಏನ್ ಭಾವ, ಮುಖದ್ ಮೇಲೆ ಜಾಲಿಮುಳ್ಳು ಹಾಕ್ಸಿದೀರಾ? ಅತ್ತೆ, ಇನ್ಮೇಲೆ ಇವ್ರನ್ನ ಮುಟ್ಟಿದ್ರೆ ನೋಡಿ ಮತ್ತೆ!" ಎಂದು ಇಬ್ಬರನ್ನೂ ಒಟ್ಟಿಗೇ ಬೈದಳು. ಅತ್ತೆ ನಕ್ಕರು. ಮುಂದಿನ ಸಲ ಹೋದಾಗ ಅವರ ಕೈ ಅಭ್ಯಾಸಬಲದಿಂದ ನನ್ನ ಮುಖದ ತನಕ ಬಂದು, ಅಲ್ಲೇ ನಿಂತು, ಹಾಗೇ ಹಿಂದಕ್ಕೆ ಹೋಯಿತು. "ಊಟ ಮಾಡೇಳೋ" ಎಂದರು. ನನಗೆ ಊಟ ಸೇರಲಿಲ್ಲ. ನನ್ನ ಕೆನ್ನೆಗೆ ನೋವಾಗಬಾರದೆಂದು ಕೈ ತಿರುಗಿಸಿ ಸವರಿದವರು ಅವರು, ಅದೇ ಕೆನ್ನೆ ಈಗ ಅವರ ಕೈ ಕುಯ್ದಿತ್ತು. ತಾಯಿಯ ಮುಖ ನೆನಪಿಲ್ಲದ ನನಗೆ ತಾಯಿ ಎಂದರೆ ಆ ಬೆರಳುಗಳೇ. ಅವಿನ್ನು ಮುಟ್ಟುವುದಿಲ್ಲ ಎಂದರೆ ಹೇಗೆ ತಡೆದುಕೊಳ್ಳುವುದು?

ಹಾಗಾದರೆ ಚೆನ್ನಾಗಿ ಕೆರೆದುಕೊಂಡು ಹೋದರಾಯಿತಲ್ಲ ಎನ್ನುತ್ತೀರಿ. ತಡೆಯಿರಿ. ನನ್ನ ಅಂಗಡಿಗೆ ವಾರದ ರಜೆ ಸೋಮವಾರ. ಸಿಂಗಟಗೆರೆಗೆ ಹೋಗಲು ನನಗೆ ಬಿಡುವು ಅದೊಂದೇ ದಿನ. ಸೋಮವಾರ ಶಿವನ ವಾರ. ಆವತ್ತು ಗಡ್ಡಕ್ಕೆ ಬ್ಲೇಡು ತಾಗಿಸಬಾರದು ಎನ್ನುವ ಕಟ್ಟಳೆ ನಮ್ಮ ಮನೆತನದಲ್ಲಿ ಇದೆ, ಅದನ್ನು ನನ್ನ ತಲೆಗೆ ತುಂಬಿದವರು ಗೌರತ್ತೆಯೇ. ಚಿಕ್ಕಂದಿನಲ್ಲಿ ಸೋಮವಾರ ಉಗುರು ಕತ್ತರಿಸಿದ್ದಕ್ಕೆ ನನ್ನ ಬೆನ್ನಿನ ಮೇಲೆ ಬಿದ್ದ ಏಟು ಇನ್ನೂ ನೆನಪಿದೆ. ಭಾನುವಾರ ಬೆಳಿಗ್ಗೆ ಕೆರೆದ ಗಡ್ಡ ಸೋಮವಾರ ಅತ್ತೆಯ ಎದುರಿಗೆ ನಿಲ್ಲುವ ಹೊತ್ತಿಗೆ ರಾಗಿ ಕೊಯ್ದ ಹೊಲದ ಕೂಳೆಯಾಗಿ ನಿಂತಿರುತ್ತಿತ್ತು.

ಇಂಥ ಹೊತ್ತಿನಲ್ಲಿ ಕಡೂರಿನಲ್ಲಿ ಲೆಕ್ಚರರ್ ಆಗಿರುವ ನನ್ನ ಭಾವಮೈದ ನಾಗರಾಜ ಮನೆಗೆ ಬಂದ. ಯಾವುದನ್ನೂ ಪಾಠ ಮಾಡದೆ ಕೊಡುವವನಲ್ಲ. ಚೀಲದಿಂದ ಹೊಳೆಯುವ ಸ್ಟೀಲಿನ ಸೇಫ್ಟಿ ರೇಜರ್ ತೆಗೆದ. ನಮ್ಮ ತಂದೆಯ ಕಾಲದವರು ಉಪಯೋಗಿಸುತ್ತಿದ್ದಂಥದ್ದೇ, ಒಂದೇ ಬ್ಲೇಡು, ಎರಡು ಕಡೆ ಬಾಯಿ. "ಭಾವ, ಪ್ರೆಶರ್ ಕೊಡ್ಬಾರ್ದು. ಆ್ಯಂಗಲ್ ಮುಖ್ಯ. ಕೂದಲು ಯಾವ ಡೈರೆಕ್ಷನ್‌ನಲ್ಲಿ ಬೆಳೆಯುತ್ತೋ ಅದೇ ಡೈರೆಕ್ಷನ್‌ನಲ್ಲಿ ಹೋಗ್ಬೇಕು" ಎಂದ. ಪಾತ್ರೆ ವ್ಯಾಪಾರಿಯಾದ ನಾನು ಮೊದಲು ಅದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದೆ. ತೂಕ ಚೆನ್ನಾಗಿತ್ತು, ಮಾಲು ಒಳ್ಳೆಯದು. ಮಾರನೆಯ ಬೆಳಿಗ್ಗೆ ಮೇಲಿನಿಂದ ಕೆಳಕ್ಕೆ ಎಳೆದೆ. ಕೆನ್ನೆಯಲ್ಲಿ ಸರಾಗವಾಗಿ ಹೋದ ರೇಜರ್ ಕುತ್ತಿಗೆಗೆ ಬಂದದ್ದೇ ಗಕ್ಕನೆ ನಿಂತಿತು. ಆಮೇಲೆ ಬಚ್ಚಲಲ್ಲಿ ನಾನು ಆಡಿದ ಮಾತುಗಳು ನಾಗರಾಜನ ಕಿವಿಗೆ ಬೀಳದಿದ್ದದ್ದು ಸಂಬಂಧಗಳ ದೃಷ್ಟಿಯಿಂದ ಒಳ್ಳೆಯದಾಯಿತು.

ಸದ್ದು ಕೇಳಿ ಗಿರಿಜ ಬಂದಳು. ಅವಳ ತೌರು ಅಜ್ಜಂಪುರದ ಕಡೆ, ಬುಕ್ಕಾಂಬುಧಿ. ಅವಳ ತಂದೆ ಎತ್ತಿನ ವ್ಯಾಪಾರದವರು. ಎತ್ತಿನ ಮೈಮೇಲೆ ಕೂದಲು ತಿರುಗಿ ಸುತ್ತಿಕೊಂಡಿರುವ ಸುಳಿ ಎಲ್ಲಿದೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡದೆ ಅವರು ಹಗ್ಗ ಹಿಡಿದವರಲ್ಲ. ಗಿರಿಜ ಮೊಬೈಲಿನ ಲೈಟು ಹಾಕಿ, ನನ್ನ ಗದ್ದ ಹಿಡಿದು ಮೇಲಕ್ಕೆತ್ತಿ, "ಅಲ್ಲಾಡ್ಬೇಡಿ" ಎಂದು ಗದರಿ, ಕುತ್ತಿಗೆಯನ್ನೆಲ್ಲ ಬೆರಳಿನಿಂದ ತಡವಿದಳು. ಇನ್ನು ಹಲ್ಲು ಎಣಿಸುವುದೊಂದು ಬಾಕಿ ಎಂದುಕೊಂಡೆ.

"ಅಯ್ಯೋ, ಸುಳಿ ಇದೆ ಕಣ್ರೀ! ಗಂಟಲ ಪಕ್ಕ ಒಂದು, ದವಡೆ ಕೆಳಗೆ ಇನ್ನೊಂದು. ಇಲ್ಲಿ ಕೂದ್ಲು ಮೇಲಕ್ಕೆ ಹೋಗಿದೆ, ನೀವು ಕೆಳಕ್ಕೆ ಎಳೀತಿದೀರ. ನಮ್ಮಪ್ಪ ನಿಮ್ ಜಾತಕ ನೋಡೋ ಬದ್ಲು ಕುತ್ತಿಗೆ ನೋಡಿದ್ರೆ ಹೆಣ್ಣೇ ಕೊಡ್ತಿರ್ಲಿಲ್ಲ!"

ಹೀಗೆಂದವಳು ಕಾಡಿಗೆ ಡಬ್ಬಿ ತಂದು, ಕೂದಲು ಯಾವ ಕಡೆ ಮಲಗಿದೆಯೋ ಆ ಕಡೆಗೆ ನನ್ನ ಮುಖದ ಮೇಲೆ ಬಾಣದ ಗುರುತು ಹಾಕುತ್ತಾ ಹೋದಳು. ಅಷ್ಟರಲ್ಲಿ ಹಾಲಿನ ನಿಂಗಮ್ಮ ಬಾಗಿಲು ತಟ್ಟಿದಳು. ಮರೆತು ಹಾಗೇ ಹೋಗಿ ಪಾತ್ರೆ ಹಿಡಿದೆ. ಅವಳು ನನ್ನ ಮುಖ ನೋಡಿ, "ದೃಷ್ಟಿಬೊಟ್ಟಾ ಸ್ವಾಮಿ?" ಎಂದಳು. ಮತ್ತೊಮ್ಮೆ ನೋಡಿ, "ನಿಮಗಾ?" ಎಂದಳು. ಆ ಎರಡನೆಯ ಪ್ರಶ್ನೆಯನ್ನು ನಾನು ಅವಳಿಗೆ ಇನ್ನೂ ಕ್ಷಮಿಸಿಲ್ಲ.

ಆದರೆ ಬಾಣದ ದಾರಿ ಹಿಡಿದದ್ದೇ ನನ್ನ ಬದುಕು ಬದಲಾಯಿತು. ಬಿಸಿನೀರಿನಲ್ಲಿ ಅದ್ದಿದ ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡು, ಗಿರಿಜ ಒಂದು ಲೋಟ ಕಾಫಿ ಮಾಡಿ ಮುಗಿಸುವ ತನಕ ಸುಮ್ಮನೆ ಕೂರುತ್ತೇನೆ. ತಂತಿ ಆಗ ನಾರಾಗುತ್ತದೆ. ಬ್ರಷ್ಷಿನಲ್ಲಿ ನೊರೆ ಏಳಿಸಿ ಚೆನ್ನಾಗಿ ತಿಕ್ಕಿ, ಹೊಸ ಬ್ಲೇಡು ಹಾಕಿ, ರೇಜರಿನ ತೂಕ ಅದರ ಪಾಡಿಗೆ ಕೆಲಸ ಮಾಡಲಿ ಎಂದು ಕೈ ಸಡಿಲ ಬಿಡುತ್ತೇನೆ. ಇಷ್ಟು ವರ್ಷ ಒತ್ತಿ ಒತ್ತಿ ಗಡ್ಡದ ಜೊತೆ ಕುಸ್ತಿ ಆಡಿದವನಿಗೆ ಈ ಸಡಿಲ ಬಿಡುವುದೇ ಕಷ್ಟವಾಗಿತ್ತು. ಒಂದು ಸುತ್ತು ಸುಳಿ ನೋಡಿಕೊಂಡು ಅದರ ದಾರಿಯಲ್ಲೇ, ಮತ್ತೆ ನೊರೆ ಹಚ್ಚಿ ಇನ್ನೊಂದು ಸುತ್ತು ಅಡ್ಡಡ್ಡ. ಆಮೇಲೆ ತಣ್ಣೀರು, ಪಟಿಕದ ಕಲ್ಲು. ಗುಳ್ಳೆಗಳು ಹೋದವು, ಪೇಪರಿನ ಚೂರುಗಳು ಹೋದವು. ಮೊದಲ ದಿನ ಗಿರಿಜ ಕೆನ್ನೆ ಮುಟ್ಟಿ, "ಪರವಾಗಿಲ್ಲ, ಈ ಎತ್ತನ್ನ ಇಟ್ಕೋಬಹುದು" ಎಂದಳು. ಇಷ್ಟು ವರ್ಷ ದಿಂಬಿನ ಕವರು ಹೊಲಿದುಕೊಂಡು ನನ್ನನ್ನು ಸಹಿಸಿದವಳು. ಅವಳಿಗೆ ಹೇಗೆ ಥ್ಯಾಂಕ್ಸ್ ಹೇಳುವುದೆಂದು ತಿಳಿಯದೆ, ಆವತ್ತು ಅಂಗಡಿಯಿಂದ ಒಂದು ದಪ್ಪ ತಳದ ಬಾಣಲಿ ತಂದುಕೊಟ್ಟೆ.

ಉಳಿದದ್ದು ಸೋಮವಾರ. ಭಾನುವಾರ ಸಂಜೆ ಕೆರೆದುಕೊಂಡು ನೋಡಿದೆ. ಬೆಳಿಗ್ಗೆ ಮುಟ್ಟಿಕೊಂಡರೆ ಆಗಲೇ ಚುರುಚುರು. ಶಿವನಿಗೆ ಕಾಣದಿರಲೆಂದು ದೇವರ ಮನೆಯ ಬಾಗಿಲು ಎಳೆದೆ. ಗಿರಿಜ ನೋಡಿಯೂ ನೋಡದವಳಂತೆ ಬಿಸಿನೀರು ಇಟ್ಟು ಹೋದಳು. ಶಿವಶಿವಾ ಎನ್ನುತ್ತಲೇ ಬ್ಲೇಡು ಹಾಕಿದೆ. ಯಾರ ಹೆಸರು ಹೇಳಿಕೊಂಡು ಯಾರ ಕಟ್ಟಳೆ ಮುರಿಯುತ್ತಿದ್ದೇನೆ ಎಂದು ಆಮೇಲೆ ಹೊಳೆಯಿತು. ಬೀರೂರು ದಾಟಿ ಕಡೂರಿನಲ್ಲಿ ಬಸ್ಸು ಬದಲಾಯಿಸುವವರೆಗೂ ಶಿವನ ಹೆಸರು ಬಾಯಿಗೆ ಬರದಂತೆ ನೋಡಿಕೊಂಡೆ.

ಗೌರತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಶಾಂತ ಮೊರ ಹಿಡಿದು ಬಾಗಿಲಲ್ಲಿದ್ದಳು. ನಾನು ಅತ್ತೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುಖ ಒಡ್ಡಿದೆ.

"ಬ್ಯಾಡ ಕಣೋ, ಶಾಂತ ಬೈತಾಳೆ."

"ಮುಟ್ಟಿ ನೋಡತ್ತೆ."

ಒಂದು ಬೆರಳು ಬಂತು. ಆಮೇಲೆ ನಾಲ್ಕೂ ಬಂದವು, ಆಮೇಲೆ ಎರಡು ಕೈಯೂ. ಬೆರಳ ಹಿಂಬದಿ ಕೆನ್ನೆಯಿಂದ ದವಡೆಗೆ, ದವಡೆಯಿಂದ ಗದ್ದಕ್ಕೆ ಇಳಿದು ಫಕ್ಕನೆ ನಿಂತುಬಿಟ್ಟಿತು.

"ಲೇ, ಇವತ್ತು ಸೋಮವಾರ ಅಲ್ವೇನೋ?"

ಬೇರೆ ಯಾವ ವಾರ ನಾನು ಅಲ್ಲಿಗೆ ಹೋಗಿದ್ದೆ, ಸುಳ್ಳು ಹೇಳಲು? "ಹ್ಞೂಂ ಅತ್ತೆ."

"ಬೆಳಿಗ್ಗೆ ಕೆರ್ಕಂಡ್ಯಾ?"

"ಹ್ಞೂಂ."

"ಯಾಕೋ?"

"ನಿನ್ ಕೈ ತರಚಬಾರ್ದು ಅಂತ."

ಬೆನ್ನಿಗೆ ಏಟು ಬೀಳಬಹುದೆಂದು ನಾನು ಹೆಗಲು ಕುಗ್ಗಿಸಿಕೊಂಡೇ ಇದ್ದೆ. ಏಟು ಬೀಳಲಿಲ್ಲ. ಅತ್ತೆಯ ಕಣ್ಣು ತುಂಬಿತು, ಅದನ್ನು ನೋಡಿ ನನ್ನದೂ ತುಂಬಿತು. ಆಮೇಲೆ ದೇವರ ಮನೆಯ ಕಡೆ ತಿರುಗಿ, "ಹೋಗ್ಲಿ ಬಿಡು. ಅವ್ನೂ ಜಟೆ ಬಿಟ್ಕಂಡು ಕೂತವ್ನೆ, ಕೂದ್ಲಿನ್ ಕಷ್ಟ ಅವ್ನಿಗೂ ಗೊತ್ತಿರ್ತದೆ. ನಾ ಹೇಳ್ಕತೀನಿ" ಎಂದು, ಎರಡೂ ಕೈಯ ಬೆರಳು ಮಡಿಸಿ ಕಣತಲೆಗೆ ಬಲವಾಗಿ ಒತ್ತಿಕೊಂಡರು.

ಒಂದೂ ಲಟ್ ಎನ್ನಲಿಲ್ಲ.

ಶಾಂತ ಮೊರದ ಹಿಂದೆ ಮುಖ ಮರೆಸಿಕೊಂಡು ನಗತೊಡಗಿದಳು. ಅತ್ತೆಗೆ ನನ್ನ ಪರವಾಗಿ ನಾಚಿಕೆಯಾಯಿತು. "ಇದೇನೋ ಪುಟ್ಟ! ಇಷ್ಟ್ ನುಣ್ಣಗೆ ಬಂದಿದೀಯ, ಬಸ್ಸಲ್ಲಿ ಒಬ್ರೂ ನಿನ್ ಕಡೆ ತಿರುಗಿ ನೋಡ್ಲಿಲ್ವೇನೋ? ತಾಳು, ನಾನೇ ಸರಿಯಾಗಿ ಸವರಿಲ್ಲ" ಎಂದು ಇನ್ನೊಮ್ಮೆ, ಮೊದಲಿಗಿಂತ ನಿಧಾನವಾಗಿ ಸವರಿದರು. ಗೆಣ್ಣುಗಳು ಆಗಲೂ ಬಾಯಿ ಬಿಡಲಿಲ್ಲ. ತರೀಕೆರೆಯಿಂದ ಸಿಂಗಟಗೆರೆಯವರೆಗೆ ಈ ಮುಖಕ್ಕೆ ಕಣ್ಣು ಹಾಕಿದ ಒಂದು ನರಪಿಳ್ಳೆಯೂ ಇಲ್ಲವೆಂಬುದು ಇಡೀ ಮನೆಯ ಎದುರಿಗೆ ಸಾಬೀತಾಯಿತು. ನಾನು ಕಣ್ಣು ಮುಚ್ಚಿಕೊಂಡು, ನನ್ನನ್ನು ನೋಡದೆ ಹೋದ ಆ ಎಲ್ಲ ಪುಣ್ಯಾತ್ಮರಿಗೂ ಮನಸ್ಸಿನಲ್ಲೇ ಕೈ ಮುಗಿದೆ. ಅತ್ತೆ ಹಟ ಬಿಡಲಿಲ್ಲ, ಮತ್ತೆ ಮೊದಲಿನಿಂದ ಸವರತೊಡಗಿದರು.