ನನ್ನ ಹೆಸರಿನ ಬೀಡಿ

ಅಥವಾ ನನ್ನ ಬಾಣಂತನಕ್ಕೆ ಮೊದಲು ಚೆಕ್ಕರ್ ವಾಸಣ್ಣ ನಮ್ಮ ಬೀಡಿ ಬ್ರಾಂಚಿಗೆ ಇನ್ನೂ ಬಂದೇ ಇರಲಿಲ್ಲವೇನೋ. ಈ ಒಂದು ಸಂಗತಿ ಖಚಿತವಾಗಿದ್ದರೆ ಉಳಿದದ್ದನ್ನೆಲ್ಲ ಧೈರ್ಯವಾಗಿ ಬರೆಯಬಹುದಿತ್ತು. ನನ್ನ ನೆನಪಿನದು ಕೇಳಿದ್ದನ್ನು ಬಿಟ್ಟು ಬೇಡದ್ದನ್ನೆಲ್ಲ ಹೊತ್ತು ತರುವ ಸ್ವಭಾವ. ಐಸಮ್ಮನ ಜಗಲಿಯ ತಂಪು, ಎಲೆ ಕತ್ತರಿಸುವ ಸದ್ದು, ಹೊಗೆಸೊಪ್ಪಿನ ಘಾಟಿಗೆ ಸೀನುತ್ತಲೇ ನಗುವ ಗಿರಿಜಕ್ಕ, ಎಲ್ಲ ಬರುತ್ತವೆ. ವಾಸಣ್ಣ ಕೆಲಸಕ್ಕೆ ಸೇರಿದ ವರ್ಷ ಮಾತ್ರ ಬರುವುದಿಲ್ಲ.

ಎಂಬತ್ತರ ಆಸುಪಾಸು. ಶಿರ್ತಾಡಿಯಲ್ಲಿ ಬೀಡಿ ಕಟ್ಟುವ ನಾವು ಕೆಲವು ತಾಯಂದಿರು ಮಧ್ಯಾಹ್ನದ ಊಟ ಮುಗಿಸಿ, ಎಲೆ, ಹೊಗೆಸೊಪ್ಪಿನ ಗೆರಸೆ ಹಿಡಿದು ಐಸಮ್ಮನ ಜಗಲಿಯಲ್ಲಿ ಸೇರುತ್ತಿದ್ದೆವು. ಅವರವರ ಮನೆಯಲ್ಲೇ ಕಟ್ಟಬಹುದಿತ್ತು. ಆದರೆ ಮನೆಯಲ್ಲಿ ಮಗು ಅತ್ತರೆ ಕೈ ನಿಲ್ಲುತ್ತದೆ. ಜಗಲಿಯಲ್ಲಿ ಕಾಲು ಚಾಚಿ ಕೂತವರ ನಡುವೆ ಯಾವ ಮಗು ಅತ್ತರೂ ಹತ್ತಿರದವಳ ಮೊಣಕಾಲು ತಾನಾಗಿ ತೂಗತೊಡಗುತ್ತಿತ್ತು. ಯಾರ ಮಗು ಎಂದು ನೋಡುವ ಪದ್ಧತಿ ಇರಲಿಲ್ಲ. ಈಗ ಇಂಥದ್ದಕ್ಕೆ ಒಂದು ಹೆಸರು, ಒಬ್ಬ ಅಧ್ಯಕ್ಷೆ, ವಾರ್ಷಿಕ ಸಭೆ ಎಲ್ಲ ಬೇಕು. ಅಂಥ ಸಭೆಗಳಲ್ಲಿ ನಾನೂ ಭಾಷಣ ಮಾಡಿದ್ದೇನೆ. ಪೀಠಿಕೆ ಮುಗಿಸಿ ಈ ಮೊಣಕಾಲಿನ ವಿಷಯಕ್ಕೆ ಬರುವಷ್ಟರಲ್ಲಿ ಪ್ರತಿ ಸಲ ಸಮಯವಾಯಿತೆಂಬ ಚೀಟಿ ಬರುತ್ತದೆ.

ನನ್ನ ಬೀಡಿಗಳಿಗೆ ಹೊಟ್ಟೆ ಇರುತ್ತಿತ್ತು. ಎರಡು ತುದಿ ಸಪೂರ, ನಡುವೆ ಉಬ್ಬು. ನಾನು ಬಸುರಿಯಾದ ಮೇಲೆ ಬೀಡಿಗಳಿಗೂ ತಿಂಗಳು ತುಂಬುತ್ತಿವೆ ಎಂದು ಗಿರಿಜಕ್ಕ ತುಳುವಿನಲ್ಲಿ ಹೇಳಿದ್ದಳು. ಕನ್ನಡದಲ್ಲಿ ಬರೆಯುವಾಗ ಅದರ ಅರ್ಧ ಖಾರ ಹೋಯಿತು. ಬಾಣಂತನಕ್ಕೆ ಗುರುವಾಯನಕೆರೆಯ ತವರಿಗೆ ಹೋಗಬೇಕಿತ್ತು. ಬೀಡಿ ಕೊಡದೆ ಅಷ್ಟು ತಿಂಗಳು ಕಳೆದರೆ ಬ್ರಾಂಚಿನಲ್ಲಿ ನನ್ನ ಹೆಸರಿನ ಬೀಡಿ ಕೆಲಸದ ಕಾರ್ಡು ರದ್ದು. ಗಂಡ ಮುಂಬೈಯ ಹೋಟೆಲಿನಲ್ಲಿ. ಅವರಿಂದ ಕುಶಲ ಬರುತ್ತಿದ್ದಷ್ಟು ನಿಯಮಿತವಾಗಿ ಬೇರೇನೂ ಬರುತ್ತಿರಲಿಲ್ಲ. ನಮ್ಮ ಗಂಜಿಗೆ ಅಕ್ಕಿ ಬರುತ್ತಿದ್ದುದು ಆ ಕಾರ್ಡಿನಿಂದಲೇ. ಹೊರಡುವ ದಿನ ಐಸಮ್ಮ ಕೈಚಾಚಿ, “ಕಾರ್ಡು ಇಲ್ಲಿ ಕೊಟ್ಟು ಹೋಗು ಜಲಜಾ. ನೀನು ಮಗುವನ್ನು ನೋಡು, ಬೀಡಿ ಜಗಲಿ ನೋಡ್ತದೆ” ಎಂದಳು.

ಜಗಲಿ ನೋಡಿತು. ಎಲ್ಲರೂ ತಮ್ಮ ಲೆಕ್ಕ ಮುಗಿಸಿ ನನ್ನ ಹೆಸರಿಗೆ ಅಷ್ಟಿಷ್ಟು ಕಟ್ಟಿದರು. ಬಾಣಂತಿ ಮನೆಯಲ್ಲೇ ಕೂತು ಕಟ್ಟುತ್ತಾಳೆ, ಹೊರಗೆ ಬರುವಂತಿಲ್ಲ ಎಂದು ಗಿರಿಜಕ್ಕ ಬ್ರಾಂಚಿನಲ್ಲಿ ಹೇಳುತ್ತಿದ್ದಳಂತೆ. ಮಗಳನ್ನು ಎತ್ತಿಕೊಂಡು ಮರಳಿದಾಗ ಕಾರ್ಡು ಜೀವಂತವಾಗಿತ್ತು. ಹೊಸ ಹುರುಪಿನಲ್ಲಿ ನಾನೇ ಕಟ್ಟಿ ನಾನೇ ಕೊಂಡುಹೋದೆ. ಬೀಡಿ ಪರೀಕ್ಷಿಸುವ ಚೆಕ್ಕರ್ ವಾಸಣ್ಣ ಒಂದು ಕಟ್ಟು ಬಿಚ್ಚಿ, ಒಂದು ಬೀಡಿಯನ್ನು ಬೆಳಕಿಗೆ ಹಿಡಿದರು.

“ಇದು ಯಾರದ್ದು?”

“ನನ್ನದೇ.”

“ನಿಮ್ಮ ಬೀಡಿ ನನಗೆ ಗೊತ್ತಿಲ್ವಾ? ಇಷ್ಟು ದಿನ ಹೂವಿನ ಹಾಗೆ ಬರ್ತಾ ಇತ್ತು. ಬೇರೆಯವರು ಕಟ್ಟಿದ್ದನ್ನು ತಂದ್ರೆ ಕಾರ್ಡು ಹೋಗ್ತದೆ, ಹೇಳ್ತೇನೆ.”

ಇದು ನನ್ನದಲ್ಲವೆಂದರೆ ಕಾರ್ಡು ಹೋಗುತ್ತದೆ. ಮೊದಲಿನದ್ದು ನನ್ನದಲ್ಲವೆಂದರೆ ಜಗಲಿಯ ಎಲ್ಲರ ಕಾರ್ಡೂ ಹೋಗುತ್ತದೆ. ನಾನೇ ಕಟ್ಟಿದ ಬೀಡಿಯ ಕಳ್ಳಿಯಾಗಿ ನಿಂತಿದ್ದಾಗ ಹಿಂದಿನಿಂದ ಐಸಮ್ಮ ನಿಧಾನಕ್ಕೆ, “ಬಾಣಂತಿಯ ಕೈ ಅಲ್ವಾ ವಾಸಣ್ಣ, ಸ್ವಲ್ಪ ನಡುಗ್ತದೆ. ಒಂದು ವಾರ ಬಿಡಿ, ಮೊದಲಿನ ಹಾಗೆ ಆಗ್ತದೆ” ಎಂದಳು. ಅವರು ಐಸಮ್ಮನ ಮುಖ ನೋಡಿದರು, ನನ್ನ ಮುಖ ನೋಡಿದರು, ಒಂದು ವಾರ ಕೊಟ್ಟರು.

ಆ ವಾರ ನಾನು ನನ್ನ ಬೀಡಿಯನ್ನು ನಕಲು ಮಾಡಲು ಕಲಿತೆ. ಮಗಳು ಯಾರ ಕಾಲ ಮೇಲಿದ್ದಳೋ ತಿಳಿಯದು. ಐಸಮ್ಮ ನನ್ನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಎಲೆ ಸುತ್ತಿಸುತ್ತಿದ್ದಳು. ನೀವು ನನ್ನ ಹಾಗೆಯೇ ಹೊಟ್ಟೆ ಬರಿಸಿ ಕಟ್ಟಬಾರದಿತ್ತೇ ಎಂದು ನಾನು ಗೊಣಗಿದೆ. “ನೋಡಿದೆವು ಮಾರಾಯ್ತಿ,” ಎಂದಳು ಗಿರಿಜಕ್ಕ, “ಅಷ್ಟು ಹಾಳು ಮಾಡ್ಲಿಕ್ಕೆ ನಮ್ಮ ಕೈ ಬಗ್ಗುವುದಿಲ್ಲ.” ವಾರ ಕಳೆದು ಬ್ರಾಂಚಿಗೆ ಹೋದಾಗ ವಾಸಣ್ಣ ಕಟ್ಟನ್ನು ತಿರುಗಿಸಿ ನೋಡಿ, “ಹಾಂ, ಈಗ ನಿಮ್ಮದು” ಎಂದರು. ನಕ್ಕರೇ? ನಕ್ಕರು ಎಂದು ನನಗೆ ಕಾಣುತ್ತದೆ. ಆದರೆ ಆ ನಗುವನ್ನು ಆಮೇಲೆ ನಾನೇ ಅಂಟಿಸಿರಬಹುದು.

ಏಕೆಂದರೆ ಅವರು ನನ್ನ ಬಾಣಂತನಕ್ಕೂ ಮೊದಲೇ ಅಲ್ಲಿದ್ದವರಾದರೆ ನನ್ನ ಹೊಟ್ಟೆಬೀಡಿಗಳನ್ನು ಕಂಡೇ ಕಂಡಿರುತ್ತಾರೆ. ಹಾಗಾದರೆ ಅಂದಿನ ಬೆದರಿಕೆ ಬರೀ ನಾಟಕ. ಗೆರಸೆ ಹಿಡಿಯದೆಯೇ ಅವರೂ ನಮ್ಮ ಜಗಲಿಯವರು. ನಾನು ತವರಿಗೆ ಹೋದ ಮೇಲೆ ಬಂದವರಾದರೆ, ನಾನು ನೆಟ್ಟಗೆ ಕಲಿತ ಒಂದೇ ಕೆಲಸವನ್ನು ಒಬ್ಬರ ತಪ್ಪು ತಿಳುವಳಿಕೆಯಿಂದ ಕಲಿತೆ. ಅವರೂ ಐಸಮ್ಮನೂ ಈಗ ಇಲ್ಲ. ಮೊನ್ನೆ ಗಿರಿಜಕ್ಕನನ್ನು ಕೇಳಿದೆ. “ವಾಸಣ್ಣನಾ? ಮೊದಲಿಂದಲೂ ಇದ್ರಲ್ಲ” ಎಂದಳು. ನನಗೆ ಎಷ್ಟೋ ಸಮಾಧಾನವಾಯಿತು. ಅಷ್ಟಕ್ಕೇ ಎದ್ದು ಬರಬೇಕಿತ್ತು. ಅವಳು ನನ್ನ ಕೈ ಹಿಡಿದು, “ನಿನ್ನ ಬೀಡಿಯೂ ಹಾಗೆಯೇ. ಮೊದಲಿಂದಲೂ ಚಂದ” ಎಂದಳು.

ಆದ್ದರಿಂದ, ನನಗೆ ಗೊತ್ತಿಲ್ಲ.