ಬಡಿಸುವ ಇನ್ವರ್ಟರ್

“ದಾಕ್ಷಾಯಣಿ, ಇನ್ಮೇಲೆ ಕರೆಂಟು ನಮ್ಮ ಮಾತು ಕೇಳುತ್ತೆ!” ಅಂತ ನಮ್ಮ ಯಜಮಾನರು ತಾವೇ ಕಟ್ಟಿದ ಇನ್ವರ್ಟರಿಗೆ ಕುಂಕುಮ ಹಚ್ಚಿದರು. ಮಾಳಿಗೆ ಮೇಲಿನ ಸೋಲಾರ್ ಕರೆಂಟನ್ನು ಮನೆಗೆಷ್ಟು, ಬೀದಿಯ ಲೈನಿಗೆಷ್ಟು ಅಂತ ಹಂಚೋದು ಅದರ ಕೆಲಸವಂತೆ.

“ಹಂಚೋದನ್ನ ಇದಕ್ಕೆ ಯಾರು ಹೇಳಿಕೊಟ್ರು?”

“ನಮ್ಮವ್ವ! ಅವಳು ಪಂಕ್ತೀಲಿ ಬಡಿಸೋದನ್ನೆಲ್ಲ ವಿಡಿಯೋ ಮಾಡಿ ತೋರಿಸಿದೀನಿ. ಅವಳಷ್ಟು ಚೆನ್ನಾಗಿ ಬಡಿಸೋರು ದಾವಣಗೆರೇಲಿ ಯಾರಿದಾರೆ?”

ನಾನು ಅಡುಗೆಮನೆಗೆ ಓಡಿದೆ. ಅವತ್ತು ಮಧ್ಯಾಹ್ನವೇ ಹಿಂದಿನ ಬೀದಿಯ ತೊಟ್ಟಿಲು ಶಾಸ್ತ್ರಕ್ಕೆ ನಾನು ಹೋಳಿಗೆ ಕೊಡಬೇಕಿತ್ತು. ನನ್ನ ಮೊದಲ ಆರ್ಡರು! ಕೆಟ್ಟರೆ ಇನ್ಯಾರೂ ನನ್ನನ್ನು ಕರೆಯಲ್ಲ.

ಗ್ರೈಂಡರಿಗೆ ಬೇಳೆ-ಬೆಲ್ಲ ಸುರಿದು ಸ್ವಿಚ್ ಒತ್ತಿದೆ. ಕರೆಂಟಿಲ್ಲ! ಅಷ್ಟರಲ್ಲಿ ಪಕ್ಕದ ಮನೆ ರುದ್ರಾಂಬಿಕೆ ಕಾಂಪೌಂಡಿನಾಚೆಯಿಂದ ಕೂಗಿಕೊಂಡಳು: “ಅಕ್ಕಾ, ನಮ್ಮ ಫ್ಯಾನು ಕಿತ್ಕೊಂಡು ಹೋಗೋ ಹಂಗೆ ತಿರುಗ್ತಿದೆ! ಆಫ್ ಮಾಡಿದ್ರೆ ಟಿವಿ ಹತ್ಕೊಳ್ತದೆ, ಅದನ್ನ ಆಫ್ ಮಾಡಿದ್ರೆ ಮಿಕ್ಸಿ ಕುಣೀತದೆ!”

“ನಿಮ್ಮವ್ವ ಸಾಕು ಅಂದೋರ ಎಲೆಗೆ ಇನ್ನೆರಡು ಸೌಟು ಹಾಕ್ತಾರಲ್ರೀ!” ಅಂದೆ ಯಜಮಾನರಿಗೆ. “ಬಂದೋರು ಉಂಡು ಏಳೋತನಕ ಮನೆಯವರಿಗೆ ಎಲೆ ಹಾಕಲ್ಲ. ಅದನ್ನೇ ಕಲಿತಿದೆ ನಿಮ್ಮ ಡಬ್ಬಿ! ಬಂದ್ ಮಾಡ್ರಿ ಅದನ್ನ!”

ಯಜಮಾನರು ಗುಂಡಿ ಒತ್ತಿದರು. ಬೇಡ ಅಂದದ್ದನ್ನು ಸಂಕೋಚ ಅಂದುಕೊಂಡ ಡಬ್ಬಿ ಇಡೀ ಬೀದಿಗೆ ಮತ್ತೊಂದು ಸುತ್ತು ಬಡಿಸಿತು. ಹಾಡುಹಗಲೇ ಬೀದಿದೀಪಗಳು ಹತ್ತಿಕೊಂಡವು!

“ನಾಳೆತನಕ ತಡ್ಕೊಳೇ, ಸರಿ ಮಾಡ್ತೀನಿ.”

“ತೊಟ್ಟಿಲಲ್ಲಿರೋ ಕೂಸು ತಡ್ಕೊಳ್ಳುತ್ತಾ? ಆ ಕಡೆ ಹಿಡೀರಿ!”

ನಾನು ಬಿಡಲಿಲ್ಲ. ಇಬ್ಬರೂ ಸೇರಿ ಗ್ರೈಂಡರನ್ನು ರುದ್ರಾಂಬಿಕೆಯ ಅಡುಗೆಮನೆಗೆ ಹೊತ್ತೆವು. ಅಲ್ಲಿ ಅದು ಓಡಿದ ಓಟವೇ! ಹೂರಣವೇನೋ ಬೆಣ್ಣೆಯಾಯಿತು, ಆದರೆ ಅರ್ಧ ಗೋಡೆಗೆ ಸಿಡಿಯಿತು. ಮತ್ತೆ ಬೇಳೆ ಬೇಯಿಸಿ, ಮತ್ತೆ ರುಬ್ಬಿ, ಬೆವರು ಸುರಿಸಿ ತಟ್ಟಿ, ಮೊದಲ ಪಂಕ್ತಿ ಕೂರುವಷ್ಟರಲ್ಲಿ ಹೋಳಿಗೆ ಮುಟ್ಟಿಸಿಯೇ ಬಿಟ್ಟೆ. ಕೂಸಿನ ಅಜ್ಜಿ ತಮ್ಮ ಕಿರಿಮಗನ ಮದುವೆಗೂ ನೀನೇ ಮಾಡಿಕೊಡಬೇಕು ಅಂದಾಗ ಸಂತೋಷಕ್ಕೆ ಅಳುವೇ ಬಂತು ನನಗೆ.

ಹೊತ್ತು ಮುಳುಗುವಾಗ ಡಬ್ಬಿಯಿಂದ ಥೇಟ್ ಅತ್ತೆಯ ದನಿ ಬಂತು: “ಎಲ್ಲಾರ್ದೂ ಊಟ ಆತು. ಇನ್ನು ನೀವು ಕೂಡ್ರಿ.” ನಡುಮನೆಯ ಬಲ್ಬು ಮಿಣಮಿಣ ಅಂದು ಕೆಂಪಗಾಯಿತು. ಅಷ್ಟೇ!

“ಇಷ್ಟೇನಾ ನಮಗೆ?” ಅಂತ ಯಜಮಾನರು ಬಾಯಿಬಿಟ್ಟರು.

“ಮದುವೆಯಾದಾಗಿಂದ ಕೊನೆ ಪಂಕ್ತೀಲಿ ನಾನು ಉಣ್ತಿರೋದು ಇಷ್ಟೇ ರೀ,” ಅಂದೆ. “ನೀವೂ ರುಚಿ ನೋಡಿ.”